ಬೆಕ್ಕು ಹೊರಗೆ ಹೋಗಿಲ್ಲ

೨ ಡಿಸೆಂಬರ್ ೧೯೪೫, ಆದಿತ್ಯವಾರ
ಕೌಲ್ ಬಜಾರ್, ಬಳ್ಳಾರಿ

ಬೆಳಿಗ್ಗೆ ಜೋಳದ ಕೋಣೆಯಲ್ಲಿ ಇಲಿ ಬಿತ್ತು. ತೊಲೆಯಿಂದ ಬಿದ್ದು, ಕುಡಿದವನ ಹಾಗೆ ಸುತ್ತು ಹೊಡೆದು, ನನ್ನ ಕಾಲ ಬಳಿಯೇ ಸತ್ತಿತು. ಸೊಸೆ ಕೊಟ್ರಬಸಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಇಲಿ ಬಿತ್ತೆಂದರೆ ಏನರ್ಥವೆಂದು ಈ ಊರಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಮಧ್ಯಾಹ್ನಕ್ಕೆ ಡಂಗುರ ಸಾರಿದರು. ನಮ್ಮ ಓಣಿ ಬುಧವಾರದೊಳಗೆ ಖಾಲಿಯಾಗಬೇಕು, ಹಾಸಿಗೆ ಹೊದಿಕೆ ಮನೆಯಲ್ಲೇ ಬಿಡಬೇಕು, ಊರ ಹೊರಗೆ ಗುಡಿಸಲು ಹಾಕಿಕೊಳ್ಳಬೇಕು.

ಪ್ಲೇಗು ಕೊಳಕು ಮನೆಗಳಿಗೆ ಬರುವ ರೋಗ. ನಮ್ಮ ಮನೆಗೆ ಹೇಗೆ ಬಂತೋ ತಿಳಿಯದು. ಪಕ್ಕದ ಗೋಡೆಯಿಂದ ಬಂದಿರಬೇಕು.

ಮಗ ಎರ್ರಿಸ್ವಾಮಿ ಸಿರುಗುಪ್ಪದಲ್ಲಿ ಭತ್ತದ ಖರೀದಿಯಲ್ಲಿದ್ದಾನೆ. ಬರಬೇಡವೆಂದು ಹೇಳಿ ಕಳಿಸಿದೆ. ಇಲ್ಲಿರುವವರು ನಾನು, ಬಸುರಿ ಸೊಸೆ, ಏಳು ವರ್ಷದ ಮೊಮ್ಮಗಳು ಪಂಪಿ. ಅವಳಿಗೊಂದು ಬೆಕ್ಕು, ಹೆಸರು ಪಿಲ್ಲಿ. ತೆಲುಗಿನವರು ಬೆಕ್ಕಿಗೆ ಅನ್ನುವುದೇ ಪಿಲ್ಲಿ ಎಂದು. ನಾನು ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ.

ಸಾಯಂಕಾಲದ ಮಾತೆಲ್ಲ ಆ ಬೆಕ್ಕಿನದೇ. ಬಿಟ್ಟು ಹೋದರೆ ಬಿದ್ದ ಇಲಿಗಳಿಗೆ ಬಾಯಿ ಹಾಕಿ, ಅವುಗಳ ಚಿಗಟಗಳನ್ನು ಮೈಗೆ ಹತ್ತಿಸಿಕೊಂಡು, ನಮ್ಮನ್ನು ಹುಡುಕಿಕೊಂಡು ಗುಡಿಸಲಿಗೇ ಬರುತ್ತದೆ. ಕೊಲ್ಲುವಂತಿಲ್ಲ. ಬೆಕ್ಕು ಕೊಂದ ಮನೆಯವರು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಪಾಪ ಕಳೆಯದು. ಕೊಟ್ರಬಸಮ್ಮ ಮೆಲ್ಲಗೆ, "ಹಗರಿ ದಾಟಿಸಿ ಬಿಡಸೋಣ್ರಿ ಅತ್ತಿ. ಹೊಳಿ ದಾಟಿದ ಬೆಕ್ಕು ತಿರುಗಿ ಬರಂಗಿಲ್ಲ" ಎಂದಳು.

ಅವಳು ಹೇಳಿದ್ದು ತಪ್ಪಲ್ಲ. ಆದರೆ ಪಂಪಿ ಬೆಕ್ಕನ್ನು ಲಂಗದಲ್ಲಿ ಮುಚ್ಚಿಕೊಂಡು ಮೂಲೆ ಹಿಡಿದು ಕೂತಿದ್ದಳು. ಅಳುತ್ತಿರಲಿಲ್ಲ. ಅಳುವ ಮಕ್ಕಳನ್ನು ಗದರಿಸಿ ಸುಮ್ಮನಾಗಿಸಬಲ್ಲೆ. ಅಳದೆ ಕೂತವಳನ್ನು ಏನು ಮಾಡುವುದು?

"ಬೆಕ್ಕು ನಮ್ ಸಂಗಡ ಬರ್ತೈತಿ" ಎಂದೆ. "ಅದು ಗುಡಿಸಲು ಬಿಟ್ಟು ಹೊರಗ ಹೋಗದಂಗ ನೋಡೋ ಜವಾಬ್ದಾರಿ ನಂದು."

ನಾನು ಹೇಳಿದ ಮೇಲೆ ಈ ಮನೆಯಲ್ಲಿ ಎರಡನೆಯ ಮಾತಿಲ್ಲ.

೫ ಡಿಸೆಂಬರ್, ಬುಧವಾರ
ಕುರುಗೋಡು ರಸ್ತೆಯ ಹೊಲ

ಸಜ್ಜೆ ಕೊಯ್ದ ಹೊಲದಲ್ಲಿ ಸಾಲಾಗಿ ಗುಡಿಸಲುಗಳು. ತಡಿಕೆಯ ಗೋಡೆ, ಜೋಳದ ದಂಟಿನ ಹೊದಿಕೆ. ನೆಲಕ್ಕೆ ಸೆಗಣಿ ಸಾರಿಸಿ ಒಲೆ ಹೂಡಿದ್ದಾಯಿತು. ನಮ್ಮ ಬಗಲಿಗೆ ಕಿರಾಣಿ ಅಂಗಡಿಯ ಮೈಲಾರಲಿಂಗಪ್ಪನವರು, ಅವರ ಹೆಂಡತಿ ದೊಡ್ಡಬಸಮ್ಮ. ಒಳ್ಳೆಯ ಜನ, ಮಾತು ಹೆಚ್ಚು.

ನಮ್ಮ ಮನೆಯ ಬಾಗಿಲಿಗೆ ಸುಣ್ಣದಲ್ಲಿ ಗುರುತು ಹಾಕಿದರು. ಕಳ್ಳರ ಮನೆಗೆ ಹಾಕಿದ ಹಾಗೆ. ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿದೆ. ದೇವರ ಕೋಣೆಯ ಪಾದುಕೆಗಳನ್ನು ತರಲಿಲ್ಲ. ಮಾವನವರ ತಂದೆಯ ಕಾಲದಲ್ಲಿ ಗುರುಗಳು ಮನೆಗೆ ಬಂದು ಕೊಟ್ಟುಹೋದ ಪಾದುಕೆ ಅವು. ಗುಡಿಸಲಿನ ಹೊಗೆಯಲ್ಲಿ ಇಡುವ ವಸ್ತುವಲ್ಲ. ಸೋಮವಾರ ಸೋಮವಾರ ಅವುಗಳ ಮುಂದೆ ಮನೆಯ ಹಿರಿಯ ಹೆಂಗಸು ದೀಪ ಹಚ್ಚಬೇಕು. ಅತ್ತೆಯವರು ಹೋದ ಮೇಲೆ ನನ್ನ ಕೈಯಲ್ಲಿ ಅದು ಒಮ್ಮೆಯೂ ತಪ್ಪಿಲ್ಲ.

ಹೆಲ್ತ್ ಇನ್ಸ್‌ಪೆಕ್ಟರು ಬಂದು ನನಗೆ ಪ್ಲೇಗು ತಡೆಯುವ ಸೂಜಿ ಚುಚ್ಚಿದರು. ಬಸುರಿಗೆ ಈಗ ಬೇಡವೆಂದರು. ಪಂಪಿಗೆ ಕೆಮ್ಮು, ಮೈ ಬೆಚ್ಚಗಿದ್ದುದರಿಂದ ಅವಳನ್ನೂ ಮುಂದಿನ ಸಲಕ್ಕೆ ಬಿಟ್ಟರು. ಬೆಕ್ಕನ್ನು ಕಂಡು ಅವರ ಮುಖ ಗಂಟಾಯಿತು. ಇದು ಒಂದು ಸಲ ಊರೊಳಗೆ ಹೋಗಿ ಬಂದರೂ ಸಾಕು, ಈ ಸಾಲಿನಲ್ಲಿ ಯಾರೂ ಉಳಿಯುವುದಿಲ್ಲ ಎಂದರು. ಹೋಗುವುದಿಲ್ಲ ಎಂದೆ. ಬೆಕ್ಕಿನ ಪರವಾಗಿ ನೀವು ಹೇಗೆ ಮಾತು ಕೊಡುತ್ತೀರಿ ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಫೋರ್ತ್ ಫಾರಂವರೆಗೆ ಓದಿದವಳು ನಾನು. ಯಾರಿಗೆ ಉತ್ತರ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದು ಗೊತ್ತು.

೭ ಡಿಸೆಂಬರ್, ಶುಕ್ರವಾರ

ಬೆಕ್ಕು ಒಂದೇ ಸಮನೆ ಕೂಗುತ್ತಿದೆ. ತಡಿಕೆಯನ್ನು ಕೆರೆದು ತೂತು ಮಾಡಿತು. ಹಗ್ಗ ಕಟ್ಟಿದರೆ ಕುತ್ತಿಗೆಗೆ ಸುತ್ತಿಕೊಂಡು ಕಣ್ಣು ಮೇಲೆ ಮಾಡಿತು, ಬಿಚ್ಚಿದೆ. ಬುಟ್ಟಿಯ ಕೆಳಗೆ ಮುಚ್ಚಿದರೆ ಪಂಪಿ ಊಟ ಬಿಡುತ್ತಾಳೆ. ದೊಡ್ಡಬಸಮ್ಮ ಇಣುಕಿ, ಹಾಲಿಗೆ ಸಾಸಿವೆಯಷ್ಟು ಅಫೀಮು ಹಾಕಿ, ಮಲಗಿಬಿಡುತ್ತದೆ, ನನ್ನ ಮಕ್ಕಳನ್ನೆಲ್ಲ ಹಾಗೇ ಬೆಳೆಸಿದ್ದು ಎಂದು ನಕ್ಕಳು. ಅವಳ ಮಕ್ಕಳನ್ನು ನೋಡಿದರೆ ನಂಬಬಹುದು.

ಸಂಜೆ ಕೂತು ಯೋಚಿಸಿದೆ. ಕೆಲಸವಿಲ್ಲದ ಆಳು ಓಡಿಹೋಗುತ್ತಾನೆ. ದುಡಿದು ದಣಿದ ಆಳು ಉಂಡು ಮಲಗುತ್ತಾನೆ. ಬೆಕ್ಕೂ ಅಷ್ಟೇ ಇರಬೇಕು. ಅದನ್ನು ದಣಿಸಬೇಕು.

ಹಳೆಯ ಲಂಗದ ಲಾಡಿ ಎಳೆದು, ತುದಿಗೆ ಬಟ್ಟೆಯ ಚೂರು ಕಟ್ಟಿ, ಅದರ ಮುಂದೆ ಎಳೆದೆ. ಬೆಕ್ಕು ನನ್ನ ಮುಖ ನೋಡಿತು. ನಾನೂ ಅದರ ಮುಖ ನೋಡಿದೆ. ಮತ್ತೆ ಎಳೆದೆ. ಅದು ಆಕಳಿಸಿತು. ಪಂಪಿ ಮೂಲೆಯಿಂದ, "ಹಂಗಲ್ಲ ಅಜ್ಜಿ. ಅದಕ್ಕ ಕಂಡೂ ಕಾಣದಂಗ ಎಳೀಬೇಕು. ಅಂಜಿಕ್ಯಂಡು ಓಡಿ ಹೋಗೋರಂಗ" ಎಂದಳು. ಲಾಡಿಯನ್ನು ಚಾಪೆಯ ಕೆಳಗಿನಿಂದ, ನಿಲ್ಲಿಸಿ ನಿಲ್ಲಿಸಿ ಎಳೆದೆ. ಬೆಕ್ಕು ಹಿಂಗಾಲು ಮಸೆದು ಒಂದೇ ನೆಗೆತಕ್ಕೆ ಹಿಡಿಯಿತು.

ಬಾಗಿಲು ಭದ್ರವಾಗಿ ಮುಚ್ಚಿಸಿ ಮುಂದುವರಿಸಿದೆ. ಬೆಕ್ಕು ಹೋಗಬಾರದೆಂದಷ್ಟೇ ಅಲ್ಲ, ಹೊರಗಿನವರು ನನ್ನನ್ನು ನೋಡಬಾರದು.

೧೦ ಡಿಸೆಂಬರ್, ಸೋಮವಾರ

ಸ್ನಾನ, ಲಿಂಗಪೂಜೆ ಮುಗಿಸಿ ಮನೆಗೆ ಹೋಗಿ ದೀಪ ಹಚ್ಚಿ ಬಂದೆ. ಓಣಿಯಲ್ಲಿ ನಾಯಿಯೂ ಇಲ್ಲ. ಕಾವಲಿಗಿದ್ದ ರಂಗಣ್ಣ ಅಡ್ಡ ಬಂದ, ನನ್ನ ಮುಖ ನೋಡಿ ಪಕ್ಕಕ್ಕೆ ಸರಿದ. ಜೋಳದ ಕೋಣೆಯಿಂದ ವಾಸನೆ ಬರುತ್ತಿತ್ತು. ಆ ಕಡೆ ನೋಡಲಿಲ್ಲ. ದೇವರ ಕೋಣೆ ಶುದ್ಧವಾಗಿದೆ. ವಿಭೂತಿ ಧರಿಸಿ ದೀಪ ಹಚ್ಚಲು ಹೋದವಳಿಗೆ ಏನೂ ಆಗುವುದಿಲ್ಲ. ಸಾಲದ್ದಕ್ಕೆ ಸೂಜಿಯನ್ನೂ ಚುಚ್ಚಿಸಿಕೊಂಡಿದ್ದೇನೆ.

ತಿರುಗಿ ಬಂದಾಗ ಬಾಗಿಲ ತಡಿಕೆ ಸಂದು ಬಿಟ್ಟಿತ್ತು, ಬೆಕ್ಕು ಹೊಸ್ತಿಲವರೆಗೆ ಬಂದು ಮೂಗು ಹೊರಗೆ ಹಾಕಿತ್ತು. ಕೊಟ್ರಬಸಮ್ಮನನ್ನು ಚೆನ್ನಾಗಿ ಬೈದೆ. ಒಂದು ಗಳಿಗೆಯ ಅಲಕ್ಷ್ಯಕ್ಕೆ ಮನೆತನವೇ ಹೋಗುತ್ತದೆ ಎಂದೆ. ಅವಳು ತಲೆ ತಗ್ಗಿಸಿ, ನನ್ನ ಕಾಲಿಗೆ, ಸೀರೆಯ ಅಂಚಿಗೆ ಹತ್ತಿದ್ದ ಧೂಳನ್ನು ನೋಡುತ್ತ ನಿಂತಿದ್ದಳು.

೧೩ ಡಿಸೆಂಬರ್, ಗುರುವಾರ

ಈ ಪ್ರಾಣಿಯ ಸ್ವಭಾವ ಈಗ ಸ್ವಲ್ಪ ತಿಳಿಯುತ್ತಿದೆ. ಹಗಲೆಲ್ಲ ಅದು ಮಲಗುವುದೇ. ಕೆರಳುವುದು ಎರಡು ಹೊತ್ತು, ಬೆಳಕು ಹರಿಯುವಾಗ ಮತ್ತು ದೀಪ ಹಚ್ಚುವಾಗ. ಆ ಎರಡು ಹೊತ್ತು ಅದರ ಕೈಗೆ ಕೆಲಸ ಕೊಟ್ಟರೆ ಉಳಿದ ಹೊತ್ತಿಗೆ ಭಯವಿಲ್ಲ.

ಒಂದೇ ಆಟ ಮೂರನೆಯ ದಿನಕ್ಕೆ ಬೇಸರವಾಗುತ್ತದೆ. ಆದ್ದರಿಂದ ಸಾಮಾನುಗಳನ್ನು ಬದಲಿಸುತ್ತೇನೆ. ಒಂದು ದಿನ ಲಾಡಿ. ಒಂದು ದಿನ ಒಡೆದ ಹತ್ತಿಕಾಯಿ, ನೆಲದ ಮೇಲೆ ತಟ್ಟಿಬಿಟ್ಟರೆ ಅದು ನೆಟ್ಟಗೆ ಹೋಗದೆ ವಕ್ರವಾಗಿ ಓಡುತ್ತದೆ, ಬೆಕ್ಕಿಗೆ ಅದೇ ಬೇಕು. ಒಂದು ದಿನ ಜೋಳದ ದಂಟಿನ ತುದಿಯ ಗರಿ. ಆಡಿದ ಮೇಲೆ ಎಲ್ಲವನ್ನೂ ಗಡಿಗೆಯಲ್ಲಿ ಹಾಕಿ ಮುಚ್ಚಿಡುತ್ತೇನೆ. ಕಣ್ಣ ಮುಂದೆ ಬಿದ್ದಿದ್ದರೆ ಬೆಲೆಯಿಲ್ಲ, ಮನುಷ್ಯರಿಗೂ ಅಷ್ಟೇ.

ತಡಿಕೆ ಕೆರೆಯುವುದಕ್ಕೂ ಉಪಾಯ ಸಿಕ್ಕಿತು. ನಡುಗಂಬಕ್ಕೆ ಕೆಳಗಿನಿಂದ ಮೇಲಿನವರೆಗೆ ಪುಂಡಿ ನಾರಿನ ಹಗ್ಗ ಸುತ್ತಿದೆ. ಈಗ ಅಲ್ಲೇ ಉಗುರು ಮಸೆಯುತ್ತದೆ, ಹತ್ತಿ ಹೋಗಿ ಅಡ್ಡಬೊಂಬಿನ ಮೇಲೆ ಕೂತು ನಮ್ಮನ್ನೆಲ್ಲ ನೋಡುತ್ತದೆ. ಮೇಲೆ ಕೂತರೆ ಅದಕ್ಕೆ ಸಮಾಧಾನ. ಅದು ಕೂಡ ನನಗೆ ಅರ್ಥವಾಗುತ್ತದೆ.

ಊಟವನ್ನು ತಟ್ಟೆಯಲ್ಲಿ ಕೊಡುವುದು ಬಿಟ್ಟೆ. ಹಾಲಲ್ಲಿ ನೆನೆಸಿದ ರೊಟ್ಟಿಯ ಚೂರುಗಳನ್ನು ತೆಂಗಿನ ಚಿಪ್ಪುಗಳ ಕೆಳಗೆ ಅಲ್ಲಲ್ಲಿ ಬಚ್ಚಿಡುತ್ತೇನೆ. ಹುಡುಕಿ, ಚಿಪ್ಪು ಉರುಳಿಸಿ ತಿನ್ನಬೇಕು. ಎಲ್ಲಿ ಇಡಬೇಕೆಂದು ಪಂಪಿ ಹೇಳುತ್ತಾಳೆ. ಇವತ್ತು ಎರಡು ರೊಟ್ಟಿ ತಿಂದಳು, ಕೇಳಿ ಹಾಕಿಸಿಕೊಂಡು.

೧೭ ಡಿಸೆಂಬರ್, ಸೋಮವಾರ

ದೀಪ ಹಚ್ಚಿ ಬಂದೆ. ಕೊನೆಯ ಸಾಲಿನಲ್ಲಿ ಗಾಳೆಪ್ಪ ಎಂಬುವನು ಹೋದ. ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದನಂತೆ. ಅವನ ಗುಡಿಸಲನ್ನು ಸಾಮಾನಿನ ಸಮೇತ ಸುಟ್ಟರು. ಹೊಗೆ ಮಧ್ಯಾಹ್ನದವರೆಗೆ ಇತ್ತು.

ಬೆಕ್ಕು ಹೊರಗೆ ಹೋಗಿಲ್ಲ.

೨೦ ಡಿಸೆಂಬರ್, ಗುರುವಾರ

ಪಿಲ್ಲಿ ಇವತ್ತು ಮಿಡತೆ ಹಿಡಿಯಿತು. ದಂಟಿನ ಹೊದಿಕೆಯಿಂದ ಬಿದ್ದದ್ದು. ಪಂಪಿ ಚಪ್ಪಾಳೆ ತಟ್ಟಿದಳು. ಲಿಂಗವಂತರ ಮನೆಯಲ್ಲಿ ಹಾಲು ರೊಟ್ಟಿ ತಿಂದು ಬೆಳೆದದ್ದು ಜೀವಹತ್ಯೆ ಮಾಡಬಾರದೆಂದು ನಾನು ಮಿಡತೆಯನ್ನು ಬಿಡಿಸಲು ಹೋದೆ. ಪಿಲ್ಲಿ ಅದನ್ನು ಬಾಯಲ್ಲಿ ಕಚ್ಚಿಕೊಂಡು ಕಂಬ ಹತ್ತಿತು. ನಾನು ಕಂಬದ ಕೆಳಗೆ ನಿಂತು ಬೈಯುತ್ತಿದ್ದೆ, ಅದು ಮೇಲಿನಿಂದ ಮಿಡತೆಯ ಕಾಲು ಉದುರಿಸುತ್ತಿತ್ತು. ಹಿಂದಿನಿಂದ ನಗು ಕೇಳಿಸಿತು. ತಿರುಗಿ ನೋಡಿದರೆ ಕೊಟ್ರಬಸಮ್ಮ. ಸೆರಗು ಬಾಯಿಗೆ ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ನನ್ನ ಮನೆಗೆ ಬಂದು ಒಂಬತ್ತು ವರ್ಷವಾಯಿತು, ಅವಳ ಹಲ್ಲಿನ ಸಾಲು ಹೀಗಿದೆಯೆಂದು ಇವತ್ತು ನೋಡಿದೆ.

"ಅಜ್ಜಿ, ನೀ ಸೋತಿ" ಎಂದಳು ಪಂಪಿ. ಸೋಲುವುದು ನನ್ನ ಅಭ್ಯಾಸವಲ್ಲ ಎಂದೆ. "ಪಿಲ್ಲಿ ಮುಂದ ಎಲ್ಲಾರೂ ಸೋಲ್ತಾರ" ಎಂದಳು.

ಅವಳೇ ಒಂದು ಮಾತು ಹೇಳಿಕೊಟ್ಟಳು. ಆಟದ ಕೊನೆಗೆ ಲಾಡಿಯನ್ನು ಒಂದು ಸಲ ಪಿಲ್ಲಿಯ ಕೈಗೆ ಸಿಗುವಂತೆ ಬಿಡಬೇಕಂತೆ. ಬರೀ ಆಡಿಸಿ ಕೊನೆಗೂ ಕೊಡದೆ ಎತ್ತಿಟ್ಟರೆ ಅದಕ್ಕೆ ಸಂಕಟವಾಗಿ ಆಮೇಲೂ ಸುಮ್ಮನಿರುವುದಿಲ್ಲವಂತೆ. ನೋಡಿದರೆ ನಿಜ. ಹಿಡಿಯಲು ಬಿಟ್ಟ ಮೇಲೆ ಉಂಡು, ಮೈ ನೆಕ್ಕಿಕೊಂಡು ಅವಳ ಮಗ್ಗುಲಲ್ಲಿ ಮಲಗಿತು.

ಚಳಿ ಹೆಚ್ಚಾಗುತ್ತಿದೆ. ಬಯಲಿನ ಗಾಳಿ ತಡಿಕೆಯನ್ನು ತೂರಿಕೊಂಡು ಬರುತ್ತದೆ. ಪಂಪಿಗೆ ಒಂದು ಸೀರೆ ಮಡಿಸಿ ಹೊದಿಸಿದ್ದೇವೆ, ಸಾಲುವುದಿಲ್ಲ. ಕೆಮ್ಮು ನಿಂತಿಲ್ಲ. ಸೂಜಿಯವರು ಬಂದರು, ಈ ಸಲವೂ ಅವಳನ್ನು ಬಿಟ್ಟು ಹೋದರು.

೨೪ ಡಿಸೆಂಬರ್, ಸೋಮವಾರ

ದೀಪ ಹಚ್ಚಿದ ಮೇಲೆ ಒಂದು ಗಳಿಗೆ ನಿಂತೆ. ಬರುವಾಗ ಪಂಪಿಯ ಕೌದಿಯನ್ನು ತಂದೆ. ಅವಳು ಹುಟ್ಟಿದ ವರ್ಷ ನನ್ನ ಹಳೆಯ ಸೀರೆಗಳನ್ನು ಸೇರಿಸಿ ನಾನೇ ಹೊಲಿದದ್ದು. ಜೋಳದ ಕೋಣೆಯ ಅಟ್ಟದ ಮೇಲೆ, ಬೇವಿನ ಸೊಪ್ಪು ಹಾಕಿ ಕಟ್ಟಿಟ್ಟ ಗಂಟಿನಲ್ಲಿತ್ತು. ಅಂಗಳದಲ್ಲಿ ಚೆನ್ನಾಗಿ ಕೊಡವಿ, ಕಂಕುಳಲ್ಲಿ ಇಟ್ಟುಕೊಂಡು ಬಂದೆ. ಪಂಪಿ ಅದನ್ನು ಮುಖಕ್ಕೆ ಒತ್ತಿಕೊಂಡು, ಮನೆಯ ವಾಸನೆ ಬರುತ್ತದೆ ಎಂದಳು.

ಕೊಟ್ರಬಸಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ಅತ್ತಿ, ಹಾಸಿಗಿ ಹೊದಿಕಿ ತರಬ್ಯಾಡ್ರಿ ಅಂತ ಡಂಗುರ ಹೊಡೆದಾರ್ರಿ."

ಡಂಗುರ ಹೊಡೆದದ್ದು ಕೊಳಕು ಮನೆಯವರಿಗೆ ಎಂದೆ. ಎಲ್ಲರ ಮನೆಯ ಕೌದಿಯೂ ನಮ್ಮ ಮನೆಯ ಕೌದಿಯೂ ಒಂದೇ ಏನು? ಅವಳು ಎದುರಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕೌದಿ ಹೊರಗೆ ಜಾಲಿಯ ಗಿಡದ ಮೇಲಿತ್ತು. ಒಳಗೆ ತಂದು ಹೊದಿಸಿದೆ.

೨೬ ಡಿಸೆಂಬರ್, ಬುಧವಾರ

ಇವತ್ತೂ ಕೊಟ್ರಬಸಮ್ಮ ಕೌದಿಯನ್ನು ಹೊರಗೆ ಹಾಕಿದ್ದಳು. ಇವತ್ತೂ ತಂದು ಹೊದಿಸಿದೆ. ಮೂರನೆಯ ಸಲ ಹಾಕಿದರೆ ತವರಿಗೆ ಕಳಿಸುತ್ತೇನೆ ಎಂದೆ. ಹಾಕಲಿಲ್ಲ. ಪಂಪಿ ರಾತ್ರಿ ಕೆಮ್ಮಲಿಲ್ಲ, ಬೆಚ್ಚಗೆ ಮಲಗಿದ್ದಾಳೆ. ಚಳಿಗೆ ಮಗು ನಡುಗುವುದನ್ನು ನೋಡುತ್ತ ಕೂರುವುದು ಯಾವ ಶಾಸ್ತ್ರ?

ಪಿಲ್ಲಿ ಕೌದಿಯ ಅಂಚಿನ ದಾರ ಎಳೆದು ಆಡಿತು. ಹೊರಗೆ ಹೋಗಿಲ್ಲ.

೨೯ ಡಿಸೆಂಬರ್, ಶನಿವಾರ

ಪಂಪಿಗೆ ಜ್ವರ. ಬೆಳಿಗ್ಗೆ ಪಿಲ್ಲಿಯ ಆಟಕ್ಕೆ ಏಳಲಿಲ್ಲ. ತಲೆ ಸಿಡಿಯುತ್ತದೆ ಎಂದಳು. ಥಂಡಿ ಇರಬೇಕು. ಶುಂಠಿ ಕಷಾಯ ಕೊಟ್ಟೆ.

ಮಧ್ಯಾಹ್ನ ಕೊಟ್ರಬಸಮ್ಮ ಅವಳ ಲಂಗ ಸಡಿಲಿಸಿ ನೋಡಿ, ನನ್ನ ಕೈ ಹಿಡಿದು ಅಲ್ಲಿಟ್ಟಳು. ತೊಡೆಯ ಸಂದಿನಲ್ಲಿ ಗಂಟು.

ಅವಳು ಈವರೆಗೆ ನನ್ನ ಕೈ ಹಿಡಿದವಳಲ್ಲ.

೩೦ ಡಿಸೆಂಬರ್, ಆದಿತ್ಯವಾರ

ಇನ್ಸ್‌ಪೆಕ್ಟರು ಡಾಕ್ಟರನ್ನು ಕರೆದುಕೊಂಡು ಬಂದರು. ಗುಳಿಗೆ ಕೊಟ್ಟಿದ್ದಾರೆ. ಎರ್ರಿಸ್ವಾಮಿಗೆ ಹೇಳಿ ಕಳಿಸಿದೆ. ಇನ್ಸ್‌ಪೆಕ್ಟರು ಮೊದಲು ಕೇಳಿದ್ದು ಬೆಕ್ಕಿನ ಸುದ್ದಿಯನ್ನೇ. ಹೋಗಿತ್ತಲ್ಲವೇ ಎಂದರು. ಇಲ್ಲ ಎಂದೆ. ನಿಮಗೆ ಗೊತ್ತಾಗದೆ ಹೋಗಿರಬಹುದು ಎಂದರು. ನನಗೆ ಗೊತ್ತಾಗದೆ ಈ ಗುಡಿಸಲಿನಿಂದ ಇರುವೆಯೂ ಹೋಗಿಲ್ಲ ಎಂದೆ. ಬೆಳಗಿನ ಹೊತ್ತು, ಸಂಜೆಯ ಹೊತ್ತು ನಾನೇ ಅದರ ಮುಂದೆ ಇದ್ದೆ. ಹಗಲು ಮಲಗಿದಾಗ ಕಣ್ಣಿಟ್ಟಿದ್ದೆ. ರಾತ್ರಿ ಬಾಗಿಲಿಗೆ ಅಡ್ಡವಾಗಿ ನಾನೇ ಮಲಗಿದ್ದೆ. ಎಲ್ಲವನ್ನೂ ಹೇಳಿದೆ. ಅವರು ತಲೆ ಅಲ್ಲಾಡಿಸಿ ಹೋದರು.

ಹೋದ ಮೇಲೆ ಕೊಟ್ರಬಸಮ್ಮ ಪಂಪಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತಲೇ, ನನ್ನ ಕಡೆ ನೋಡದೆ ಕೇಳಿದಳು.

"ಬೆಕ್ಕು ಹೋಗಿಲ್ಲ ಅಂದ್ರ, ಯಾರು ತಂದ್ರು ಅತ್ತಿ?"

ಪಂಪಿಗೂ ಕೇಳಿಸದಷ್ಟು ಮೆಲ್ಲಗೆ ಅಂದಳು.

೩೧ ಡಿಸೆಂಬರ್, ಸೋಮವಾರ

ದೀಪಕ್ಕೆ ಹೋಗಲಿಲ್ಲ.

ಪಂಪಿ ಬಡಬಡಿಸುತ್ತಿದ್ದಾಳೆ. ಸಂಜೆ ಒಮ್ಮೆ ಎಚ್ಚರವಾಗಿ ಪಿಲ್ಲಿಯನ್ನು ಆಡಿಸು ಎಂದಳು. ಆಡಿಸಿದೆ. ಚಾಪೆಯ ಕೆಳಗಿನಿಂದ, ನಿಲ್ಲಿಸಿ ನಿಲ್ಲಿಸಿ. ಕಣ್ಣು ಅರ್ಧ ತೆರೆದು ನೋಡುತ್ತಿದ್ದಳು. ಅವಳು ಕಣ್ಣು ಮುಚ್ಚಿದ ಮೇಲೂ ಆಡಿಸಿದೆ. ನಿಲ್ಲಿಸಲು ಮನಸ್ಸಾಗಲಿಲ್ಲ.

೧ ಜನವರಿ ೧೯೪೬, ಮಂಗಳವಾರ

ಮಧ್ಯಾಹ್ನ ಪಂಪಿ ಲಿಂಗೈಕ್ಯಳಾದಳು.

೫ ಜನವರಿ, ಶನಿವಾರ

ಎರ್ರಿಸ್ವಾಮಿಗೆ ಮಗಳ ಮುಖ ನೋಡಲು ಸಿಗಲಿಲ್ಲ. ಅವನು ಬರುವಷ್ಟರಲ್ಲಿ ಮಣ್ಣು ಮಾಡಿದ್ದೆವು. ಹೊರಲು ನಾಲ್ಕು ಜನ ಬರಲಿಲ್ಲ. ಮೈಲಾರಲಿಂಗಪ್ಪನವರೂ ಜಂಗಮಯ್ಯನವರೂ ಬಂದರು. ಮಗು ಹಗುರವಾಗಿತ್ತು, ಸಾಕಾಯಿತು. ಕೂಡಿಸಿ ಮಣ್ಣು ಮಾಡುವಾಗ ಕೊಟ್ರಬಸಮ್ಮ ದೂರ ನಿಂತಿದ್ದಳು. ಬಸುರಿ ಹತ್ತಿರ ಬರಬಾರದೆಂದು ನಾನೇ ತಡೆದೆ. ಇಷ್ಟಾದ ಮೇಲೂ ನನ್ನ ಮಾತು ಕೇಳಿದಳು.

ಇವತ್ತು ಸಾಲಿನ ಹಿರಿಯರೆಲ್ಲ ಗುಡಿಸಲ ಮುಂದೆ ಸೇರಿದರು. ಈ ಬೆಕ್ಕು ಇನ್ನು ಇರಕೂಡದು ಎಂದರು. ಎರ್ರಿಸ್ವಾಮಿ ಎಲ್ಲಿಂದಲೋ ಗೋಣಿಚೀಲ ತಂದಿದ್ದ. ಹಗರಿಯವರೆಗೆ ಹೋಗುವ ತ್ರಾಣ ಅವನಲ್ಲಿ ಇದ್ದಂತೆ ಕಾಣಲಿಲ್ಲ. ಚೀಲ ಕಟ್ಟಿ ಹೊಲದ ಬಾವಿಗೆ ಹಾಕಿಬಿಡುವವನಂತಿತ್ತು ಮುಖ. ಪಾಪ ಪುಣ್ಯ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ.

"ಬೆಕ್ಕು ಇಟ್ಕಂಡಿದ್ದಕ್ಕ ಆತಿದು" ಎಂದರು ಮೈಲಾರಲಿಂಗಪ್ಪನವರು. "ಕೂಸಿನ ಮ್ಯಾಲಿನ ಪಿರೂತಿಗೆ ಅಮ್ಮಾರು ಇಟ್ಕಂಡ್ರು. ಅವರದೇನು ತಪ್ಪೈತಿ? ಮೂಕ ಪ್ರಾಣಿ, ಕಣ್ ತಪ್ಪಿಸಿ ಹೋಗಿರ್ತೈತಿ."

ಅವರು ಒಳ್ಳೆಯವರು. ನಾನು ತಪ್ಪಿಸಿಕೊಂಡು ಹೋಗಲು ಬಾಗಿಲು ತೆರೆದು ಹಿಡಿದಿದ್ದರು. ಎಲ್ಲರೂ ಅದನ್ನೇ ನಂಬಿದ್ದರು, ನಂಬಿ ತಮ್ಮ ಗುಡಿಸಲುಗಳಿಗೆ ಹೋಗಲು ಸಿದ್ಧರಿದ್ದರು. ಕೊಟ್ರಬಸಮ್ಮ ಒಳಗೆ ಕಂಬಕ್ಕೆ ಒರಗಿ ಕೂತಿದ್ದಳು. ಅವಳೂ ಏನೂ ಹೇಳುವವಳಲ್ಲ. ಒಂಬತ್ತು ವರ್ಷ ಅವಳಿಗೆ ಅದನ್ನೇ ಕಲಿಸಿದ್ದೇನೆ.

ಎರ್ರಿಸ್ವಾಮಿ ಪಿಲ್ಲಿಯನ್ನು ಹಿಡಿದು ಚೀಲದೊಳಗೆ ಹಾಕಿದ. ಅದು ಆಟವೆಂದುಕೊಂಡಿತೋ ಏನೋ. ಚೀಲದ ಬಾಯಿಂದ ಒಂದು ಕೈ ಹೊರಗೆ ಹಾಕಿ ಅವನ ಕೈಯಲ್ಲಿದ್ದ ಹಗ್ಗದ ತುದಿಯನ್ನು ಹಿಡಿಯಲು ನೋಡಿತು. ಉಗುರು ಚಾಚದೆ, ಮೆತ್ತಗೆ.

"ಎರ್ರಿ, ಬಿಡದನ್ನ ಕೆಳಗ" ಎಂದೆ.

"ಸುಮ್ನಿರವ್ವ."

"ಅದು ಹೊರಗ ಹೋಗಿಲ್ಲ. ಒಂದ್ ದಿನಾನೂ ಹೋಗಿಲ್ಲ."

"ನಿನಗೇನ್ ಗೊತ್ತವ್ವ? ನಿದ್ದಿ ಹತ್ತಿದಾಗ ಹೋಗಿರ್ತೈತಿ."

"ಹೋಗಿಲ್ಲ ಅಂದೆ. ಹೋಗಿದ್ದು ನಾನು. ಸೋಮವಾರ ಸೋಮವಾರ ದೀಪಕ್ಕ ಹೋಗಿದ್ದೆ. ಜ್ವಾಳದ ಕ್ವಾಣ್ಯಾಗಿನ ಕೌದಿ ತಂದು ಕೂಸಿಗೆ ಹೊದಿಸಿದ್ದೂ ನಾನು. ನಿನ್ ಹೇಣ್ತಿ ಎರಡು ಸರ್ತಿ ತಗದು ಹೊರಗ ಹಾಕಿದ್ಲು. ಎರಡು ಸರ್ತೀನೂ ನಾನ ಒಳಗ ತಂದೆ."

ದೊಡ್ಡಬಸಮ್ಮ ತನ್ನ ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡಳು. ಎರ್ರಿಸ್ವಾಮಿಯ ಕೈಯಿಂದ ಚೀಲ ಜಾರಿತು, ಪಿಲ್ಲಿ ಹೊರಗೆ ಬಂದು ಮೈ ಕೊಡವಿಕೊಂಡು ಗುಡಿಸಲೊಳಗೆ ಹೋಯಿತು. ಅವನು ನನ್ನ ಕಾಲನ್ನು ನೋಡುತ್ತ ನಿಂತಿದ್ದ, ಮುಖವನ್ನಲ್ಲ.

೮ ಜನವರಿ, ಮಂಗಳವಾರ

ಕೌದಿ, ಚಾಪೆ, ಪಂಪಿಯ ಬಟ್ಟೆ, ನನ್ನ ಸೀರೆಗಳು, ಎಲ್ಲವನ್ನೂ ಮುನಿಸಿಪಾಲಿಟಿಯವರು ಸುಟ್ಟರು. ನನ್ನನ್ನು ಸಾಲಿನ ಕೊನೆಯ ಬೇರೆ ಗುಡಿಸಲಿಗೆ ಹಾಕಿದ್ದಾರೆ. ಪಿಲ್ಲಿಯೂ ನನ್ನ ಜೊತೆ. ಔಷಧದ ನೀರಿನಲ್ಲಿ ಅದನ್ನು ಮುಳುಗಿಸಿ ತೆಗೆದರು, ನನ್ನ ಕೈ ತುಂಬ ಪರಚಿತು. ಕೊಟ್ರಬಸಮ್ಮನನ್ನೂ ಎರ್ರಿಸ್ವಾಮಿಯನ್ನೂ ಬೇರೆ ಇಟ್ಟಿದ್ದಾರೆ. ನೀರಿನ ಗಡಿಗೆಯನ್ನು ಯಾರೋ ದೂರದಲ್ಲಿಟ್ಟು ಹೋಗುತ್ತಾರೆ.

ಮನೆಯ ಬೀಗದ ಕೈಯನ್ನು ಎರ್ರಿಸ್ವಾಮಿಗೆ ಕಳಿಸಿಕೊಟ್ಟೆ. ಪಾದುಕೆಗಳನ್ನು ಅವನು ಏನು ಮಾಡುತ್ತಾನೋ ಅವನಿಗೆ ಬಿಟ್ಟದ್ದು.

೧೨ ಜನವರಿ, ಶನಿವಾರ

ಆಡಿಸಿದೆ.

೧೫ ಜನವರಿ, ಮಂಗಳವಾರ

ಇವತ್ತು ಸಂಕ್ರಾಂತಿಯ ಕರಿ. ಹೊಲದಾಚೆ ಯಾರೋ ಎತ್ತು ತೊಳೆದು ಕೊಂಬಿಗೆ ಬಣ್ಣ ಹಚ್ಚಿ ಹೊಡೆದುಕೊಂಡು ಹೋದರು. ಊರಿನಲ್ಲಿ ಇಲಿ ಬೀಳುವುದು ನಿಂತಿದೆಯಂತೆ. ನನಗೆ ಜ್ವರ ಬರಲಿಲ್ಲ. ಪಿಲ್ಲಿಗೂ ಏನೂ ಆಗಲಿಲ್ಲ. ದಿನಾ ಮೈ ಮುಟ್ಟಿ ನೋಡಿಕೊಳ್ಳುತ್ತೇನೆ. ಬರಲಿ ಎಂದು ನೋಡಿಕೊಳ್ಳುತ್ತೇನೋ, ಬರದಿರಲಿ ಎಂದೋ, ಹೇಳಲಾರೆ.

ಬೆಳಿಗ್ಗೆ ಅದು ಬಂದು ನನ್ನ ಮುಂದೆ ಕೂತು ಕಾಯುತ್ತದೆ. ಕೈ ಏಳದಿದ್ದರೂ ಏಳಬೇಕು. ಹೊಸ ಲಾಡಿ ಮಾಡಿದ್ದೇನೆ. ದಂಟಿನ ಗರಿಯ ಮೇಲೆ ಅದಕ್ಕೆ ಬೇಸರ ಬಂದಿದೆ, ಹುಣಿಸೆ ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿ ಸದ್ದಾಗುವ ಹಾಗೆ ಉರುಳಿಸುತ್ತೇನೆ. ಈಗ ಬಾಗಿಲು ಮುಚ್ಚುವುದು ಪಿಲ್ಲಿಗಾಗಿ ಮಾತ್ರ. ನನ್ನನ್ನು ಯಾರು ಬೇಕಾದರೂ ನೋಡಲಿ.

೨೩ ಜನವರಿ, ಬುಧವಾರ

ನಮ್ಮನ್ನು ಬೇರೆ ಇಟ್ಟಿದ್ದ ಎರಡು ವಾರದ ಗಡುವು ಮುಗಿಯಿತು. ಸಾಲಿನವರು ಒಬ್ಬೊಬ್ಬರಾಗಿ ಗುಡಿಸಲು ಕಿತ್ತುಕೊಂಡು ಹೋಗುತ್ತಿದ್ದಾರೆ. ಕೊಟ್ರಬಸಮ್ಮ ಹೆರಿಗೆಗೆ ತವರಿಗೆ, ಸಿರುಗುಪ್ಪಕ್ಕೆ ಹೊರಟಳು. ಎರ್ರಿಸ್ವಾಮಿ ಬಂಡಿ ಕಟ್ಟಿಸಿ, ಎತ್ತಿನ ಮುಂದೆ ನಿಂತೇ ಇದ್ದ, ಇತ್ತ ಬರಲಿಲ್ಲ. ಅವಳು ಬಂದಳು. ಹೊಟ್ಟೆ ಮುಂದೆ ಬಂದಿದೆ, ಕಾಲು ಬಾತಿವೆ. ಕೂತುಕೋ ಎಂದೆ. ಕೂರಲಿಲ್ಲ.

"ಪಿಲ್ಲೀನ ಕೊಡ್ರಿ. ಒಯ್ತೀನಿ" ಎಂದಳು.

ಹಗರಿ ದಾಟಿಸಿ ಬಿಡೋಣವೆಂದವಳು ಇವಳೇ. ಏಕೆ ಎಂದು ಕೇಳಲಿಲ್ಲ. ಕೇಳುವ ಹಕ್ಕು ನನ್ನಲ್ಲಿ ಉಳಿದಿಲ್ಲ. ಬುಟ್ಟಿಯಲ್ಲಿ ಬಟ್ಟೆ ಹಾಸಿ ಪಿಲ್ಲಿಯನ್ನು ಕೂರಿಸಿ, ಆಟದ ಗಡಿಗೆಯನ್ನು ಪಕ್ಕದಲ್ಲಿಟ್ಟೆ. ಹೇಳಬೇಕಾದುದನ್ನೆಲ್ಲ ಹೇಳಿದೆ. ಹೊಸ ಮನೆಯಲ್ಲಿ ಮೊದಲು ಒಂದು ವಾರ ಒಂದೇ ಕೋಣೆಯಲ್ಲಿ ಇಡಬೇಕು. ಹತ್ತಿ ಕೂರಲು ಎತ್ತರದ ಜಾಗ ಕೊಡಬೇಕು. ಬೆಳಕು ಹರಿಯುವಾಗ, ದೀಪ ಹಚ್ಚುವಾಗ, ಎರಡು ಹೊತ್ತು ತಪ್ಪಿಸಬಾರದು. ಎಲ್ಲ ಸಾಮಾನನ್ನೂ ಒಟ್ಟಿಗೆ ತೆಗೆಯಬಾರದು. ಕೂಸು ಬಂದ ಮೇಲೆ ಇದನ್ನು ಮರೆತುಬಿಡುತ್ತಾರೆ, ಮರೆಯಬಾರದು, ಮರೆತರೆ ಊರು ಅಲೆಯಲು ಹೋಗುತ್ತದೆ. ಕೊನೆಗೆ ಒಂದು ಸಲ ಹಿಡಿಯಲು ಬಿಡಬೇಕು.

ನಾನು ಇಷ್ಟು ಹೊತ್ತು ಅವಳೊಂದಿಗೆ ಒಂದೇ ಸಲಕ್ಕೆ ಮಾತಾಡಿದ್ದು ನೆನಪಿಲ್ಲ. ಅವಳು ನಿಂತೇ ಎಲ್ಲವನ್ನೂ ಕೇಳಿಸಿಕೊಂಡಳು.

"ಗೊತ್ತೈತ್ರಿ. ದಿನಾ ನೋಡೀನಿ" ಎಂದಳು. ಬುಟ್ಟಿ ಎತ್ತಿಕೊಂಡ ಮೇಲೆ, "ಅತ್ತಿ, ಈ ಕೂಸಿನ ತೊಟ್ಟಿಲಕ್ಕ ನಿಮ್ಮನ್ನ ಕರಿಯಾಕ ನನ್ನಿಂದ ಆಗಂಗಿಲ್ಲ."

"ಕರೀಬ್ಯಾಡ."

"ಸಿಟ್ಟಿಲ್ಲ ಅಂತ ಸುಳ್ಳ ಹೇಳಾಕ ಬರಂಗಿಲ್ಲ ನನಗ."

"ಹೇಳಬ್ಯಾಡ" ಎಂದೆ. "ಕಾಲು ಬಾತಾವು. ಬಂಡ್ಯಾಗ ಕಾಲು ಚಾಚಿಕ್ಯಂಡು ಕೂಡು."

ಅವಳು ತಲೆಯಾಡಿಸಿದಳು. ಬಂಡಿ ಸಿರುಗುಪ್ಪದ ದಾರಿಗೆ ತಿರುಗುವವರೆಗೆ ಪಿಲ್ಲಿಯ ಕೂಗು ಕೇಳಿಸುತ್ತಿತ್ತು. ದೊಡ್ಡಬಸಮ್ಮ ದೂರದಿಂದ ನನ್ನನ್ನೇ ನೋಡುತ್ತಿದ್ದಳು. ನೋಡಲಿ ಎಂದು ನೆಟ್ಟಗೆ ನಿಂತಿದ್ದೆ.

ಒಳಗೆ ಬಂದು ಕೂತಿದ್ದೇನೆ. ದೀಪ ಹಚ್ಚುವ ಹೊತ್ತಾಗಿದೆ. ಬಾಗಿಲ ತಡಿಕೆ ಹಾರು ಹೊಡೆದಿದೆ, ಮುಚ್ಚಲು ಏಳಲಿಲ್ಲ. ಕಾಯುವಂಥದ್ದು ಒಳಗೆ ಏನೂ ಇಲ್ಲ.